ಎಂ1 ಮ್ಯಾಕ್‌ನಲ್ಲಿ ಇಂಟೆಲ್ ವಿಂಡೋಸ್: ಪ್ಯಾರಲಲ್ಸ್, ಫ್ಯೂಷನ್, ಯುಟಿಎಂ

ಪ್ಯಾರಲಲ್ಸ್, ಫ್ಯೂಷನ್, ಯುಟಿಎಂ ಮೂರೂ ಮ್ಯಾಕ್ ಒಳಗೇ ವಿಂಡೋಸ್ ಓಡಿಸುವ ಸಾಫ್ಟ್‌ವೇರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯುಟಿಎಂಗೆ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಎಂಬ್ರಾಯ್ಡರಿ ಪಂಚಿಂಗ್, ಅಂದರೆ ಚಿತ್ರವನ್ನು ಮೆಷಿನ್ ಹೊಲಿಯುವಂಥ ಫೈಲ್ ಆಗಿಸುವ ಕೆಲಸ, ಮಾಡಿಕೊಡುತ್ತೇನೆ. ಈಚೆಗೆ ಸೆಕೆಂಡ್ ಹ್ಯಾಂಡ್ ಎಂ1 ಮ್ಯಾಕ್‌ಬುಕ್ ಏರ್ ತೆಗೆದುಕೊಂಡೆ. ಅದರ ಎಂ1 ಚಿಪ್ ಇಂಟೆಲ್‌ನದಲ್ಲ, ಎಆರ್‌ಎಂ ಎಂಬ ಬೇರೆ ಜಾತಿಯದು. ಪಂಚಿಂಗ್ ಸಾಫ್ಟ್‌ವೇರ್ ಮಾತ್ರ ಇಂಟೆಲ್ ವಿಂಡೋಸ್‌ನದು, ಹಳೆಯದು. ಲೈಸೆನ್ಸ್ ಬೀಗದ ಕೈಯಂಥ ಯುಎಸ್‌ಬಿ ಡಾಂಗಲ್ ಚುಚ್ಚಿದರಷ್ಟೇ ತೆರೆಯುತ್ತದೆ.

ಪ್ಯಾರಲಲ್ಸ್ ಟ್ರಯಲ್ ಹಾಕಿದೆ. ಬಹಳ ಸಲೀಸು, ಆದರೆ ದುಡ್ಡು ಕೊಡಬೇಕು. ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ. ವೇಗವೂ ಚೆನ್ನಾಗಿದೆ.

ಎರಡರಲ್ಲೂ ಓಡಿಸಿದ್ದು ಎಆರ್‌ಎಂ ಚಿಪ್‌ಗೆಂದೇ ಮಾಡಿದ ವಿಂಡೋಸ್ 11. ಅಲ್ಲೇ ಸಿಕ್ಕಿಬಿದ್ದದ್ದು. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಯಿತು, ಐಕಾನ್ ಬಂತು, ಒತ್ತಿದರೆ ‘ಡಾಂಗಲ್ ಸಿಗಲಿಲ್ಲ’. ಡಿವೈಸ್ ಮ್ಯಾನೇಜರ್ ತೆಗೆದರೆ ಡಾಂಗಲ್ ಹೆಸರಿನ ಪಕ್ಕ ಹಳದಿ ತ್ರಿಕೋನ. ಆ ವಿಂಡೋಸ್ ಇಂಟೆಲ್ ಪ್ರೋಗ್ರಾಂಗಳನ್ನು ತಾನೇ ಎಆರ್‌ಎಂಗೆ ಬದಲಿಸಿಕೊಂಡು ಓಡಿಸುತ್ತದೆ. ಆದರೆ ಡಾಂಗಲ್‌ನ ಡ್ರೈವರ್ (ಅದನ್ನು ವಿಂಡೋಸ್‌ಗೆ ಪರಿಚಯಿಸುವ ಪ್ರೋಗ್ರಾಂ) ಕೂರುವುದು ಕರ್ನಲ್, ಅಂದರೆ ವಿಂಡೋಸ್‌ನ ತಿರುಳಿನ ಒಳಗೆ. ಅಲ್ಲಿ ಈ ಬದಲಾವಣೆ ನಡೆಯುವುದಿಲ್ಲ, ಎಆರ್‌ಎಂಗೇ ಮಾಡಿದ ಡ್ರೈವರ್ ಬೇಕು. ನನ್ನ ಡಾಂಗಲ್‌ಗೆ ಅಂಥದ್ದು ಇಲ್ಲವೇ ಇಲ್ಲ. ಕೇಬಲ್, ಹಬ್ ಏನು ಬದಲಿಸಿದರೂ ಸುಮ್ನೆ. 2025ರ ಜನವರಿಯಲ್ಲಿ ಪ್ಯಾರಲಲ್ಸ್‌ಗೂ ಇಂಟೆಲ್ ಎಮುಲೇಷನ್ (ಇಂಟೆಲ್ ಪ್ರೊಸೆಸರನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವುದು) ಪ್ರಯೋಗವಾಗಿ ಬಂತು, ಆದರೆ ಅದರಲ್ಲಿ ಯುಎಸ್‌ಬಿ ಕೊಡಲಿಲ್ಲ.

ಯುಟಿಎಂ ಒಳಗಿರುವುದು ಇಂಥ ಅನುಕರಣೆ ಮಾಡಬಲ್ಲ ಕ್ಯೂಇಎಂಯು ಎಂಬ ಸಾಫ್ಟ್‌ವೇರ್. ಹೊಸ ಯಂತ್ರ ಮಾಡುವಾಗ ‘ವರ್ಚುವಲೈಸ್’ ಬಿಟ್ಟು ‘ಎಮುಲೇಟ್’ ಆರಿಸಿ, ಇಂಟೆಲ್‌ನ ವಿಂಡೋಸ್ 10 ಹಾಕಿದೆ. ಆಗ ಪ್ರೊಸೆಸರನ್ನೇ ಪೂರ್ತಿ ಅನುಕರಿಸುತ್ತದೆ, ಹಳೆಯ ಡ್ರೈವರ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೇಲಿನ ಯುಎಸ್‌ಬಿ ಗುರುತು ಒತ್ತಿ ಡಾಂಗಲ್‌ಗೆ ಟಿಕ್ ಹಾಕಿದೆ, ಸಾಫ್ಟ್‌ವೇರ್ ತೆರೆದುಕೊಂಡಿತು!

ನಿಧಾನ ಅಂದರೆ ನಿಧಾನ. ಜೂಮ್ ಮಾಡಿದರೆ ಹೊಲಿಗೆಗಳು ಸಾಲುಸಾಲಾಗಿ ಮೂಡುತ್ತವೆ. ಒಂದೇ ಕೋರ್ ಕೆಲಸ ಮಾಡುವುದು ಒಂದು ಕಾರಣ: ಇಂಟೆಲ್‌ಗೆ ಮೆಮೊರಿಯಲ್ಲಿ ಓದುಬರಹದ ಕ್ರಮ ಕಟ್ಟುನಿಟ್ಟು, ಎಆರ್‌ಎಂಗೆ ಅಷ್ಟಿಲ್ಲ, ಹಾಗಾಗಿ ಹಲವು ಕೋರ್ ಒಟ್ಟಿಗೆ ಓಡಿದರೆ ಆ ಕ್ರಮ ತಪ್ಪಬಹುದು. ಎಲ್ಲ ಕೋರ್ ಬಳಸುವಂತೆ ಬಲವಂತ ಮಾಡುವ ಆಯ್ಕೆ ಇದೆ, ಆದರೆ ಗ್ರಾಹಕರ ಫೈಲ್ ಕೆಡುವ ಭಯಕ್ಕೆ ನಾನು ಮುಟ್ಟಿಲ್ಲ. ಏರ್‌ಗೆ ಫ್ಯಾನ್ ಇಲ್ಲ, ನಮ್ಮೂರ ಬೇಸಿಗೆ ಗೊತ್ತಲ್ವಾ? ಹಾಗಾಗಿ ಈ ಕೆಲಸ ಸಂಜೆ ಮೇಲೆ.

ಆದರೂ ನನಗೆ ಸಾಕು. ಬಂದ ಡಿಸೈನ್‌ನ ಅಳತೆ ತಿದ್ದಿ, ಎಂಬ್ರಾಯ್ಡರಿ ಮೆಷಿನ್ ಓದುವ ಡಿಎಸ್‌ಟಿ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ನನ್ನ ಕೆಲಸ ಮುಗಿಯಿತು. ಇನ್ನೊಂದು ಪಿಸಿ ಕೊಳ್ಳುವ ಖರ್ಚು ಉಳಿಯಿತು. ದಿನವಿಡೀ ಹೊಸ ಡಿಸೈನ್ ಪಂಚ್ ಮಾಡುವವರು ಹಳೆಯ ಇಂಟೆಲ್ ಪಿಸಿಯನ್ನೇ ಇಟ್ಟುಕೊಳ್ಳಿ. ಡಾಂಗಲ್ ಗೋಜಿಲ್ಲದವರಿಗೆ ಫ್ಯೂಷನ್ ಸಾಕು.