ವಂಡರ್‌ಲಾ ಬೆಂಗಳೂರು: ರಿಕಾಯಿಲ್‌ಗೋಸ್ಕರ ಹೋಗಿ, ಉಳಿದದ್ದೆಲ್ಲ ಮೇಲೋಗರ

ಮೊದಲೇ ಹೇಳಿಬಿಡುತ್ತೇನೆ, ಇದು ಫ್ಯಾಮಿಲಿ ಪಿಕ್ನಿಕ್ ರಿವ್ಯೂ ಅಲ್ಲ. ವೇವ್ ಪೂಲು, ರೇನ್ ಡಿಸ್ಕೋ, ಮಕ್ಕಳ ಆಟಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನೇ ಮತ್ತೆ ಬರೆದು ಏನು ಪ್ರಯೋಜನ. ನಾವು ಐದು ಜನ ಗೆಳೆಯರು ಹೋಗಿದ್ದು ರೋಲರ್ ಕೋಸ್ಟರ್ ಹತ್ತೋಕೆ. ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಮನುಷ್ಯನನ್ನು ತಲೆಕೆಳಗು ಮಾಡುವ ದೊಡ್ಡ ಕೋಸ್ಟರ್ ಅಂದರೆ ರಿಕಾಯಿಲ್. ಅದೊಂದಕ್ಕೋಸ್ಕರ ಅಷ್ಟು ದುಡ್ಡು ಕೊಟ್ಟು ಹೋಗಬಹುದಾ ಅಂದರೆ, ಖಂಡಿತ ಹೋಗಬಹುದು. ಆದರೆ ವಾರದ ದಿನ ಹೋಗಿ. ಮತ್ತೆ, ಒಂದು ಸಲ ಹತ್ತಿ ಇಳಿದು ಮುಗೀತು ಅಂತ ಬರಬೇಡಿ. ಮುಂದಿನ ಸೀಟಿನ ರಿಕಾಯಿಲ್ ಬೇರೆ, ಹಿಂದಿನ ಸೀಟಿನ ರಿಕಾಯಿಲ್ ಬೇರೆ. ಎರಡನ್ನೂ ನೋಡಬೇಕು.

ದಾರಿ ವಿಷಯ ಬೇಗ ಮುಗಿಸುತ್ತೇನೆ. ಮೈಸೂರು ರಸ್ತೆಯಲ್ಲಿ ಬೆಂಗಳೂರಿಂದ 28 ಕಿಲೋಮೀಟರ್. ಎಲ್ಲರೂ ಬಿಡದಿ ಅಂತಾರೆ, ಆದರೆ ಜಾಗ ಇರೋದು ಹೆಜ್ಜಾಲದ ಹತ್ತಿರ, ಬಿಡದಿ ಪೇಟೆಗಿಂತ ಮೊದಲೇ ಬರುತ್ತದೆ. ಕಾರಿನವರು ಹಾಡು ಹಾಕಿಕೊಂಡು ಎಕ್ಸ್‌ಪ್ರೆಸ್‌ವೇ ಮೇಲೆ ನುಗ್ಗಿದರೆ ತಿರುವು ತಪ್ಪುತ್ತದೆ, ಸರ್ವಿಸ್ ರಸ್ತೆಯಲ್ಲೇ ಇರಿ. ಬೈಕಿನವರಿಗೆ ಹೇಗೂ ಅದೇ ಗತಿ, 2023ರ ಆಗಸ್ಟ್‌ನಿಂದ ಮುಖ್ಯ ಹೆದ್ದಾರಿಗೆ ಬೈಕು, ಆಟೋ ಬಿಡುವುದಿಲ್ಲ. ಮೆಟ್ರೋ ಚಲ್ಲಘಟ್ಟದವರೆಗೆ ಬಂದಿದೆ, ಅಲ್ಲಿಂದ ಬಸ್ಸೋ ಆಟೋನೋ ಹಿಡಿದರೆ ನಗರದ ಟ್ರಾಫಿಕ್ಕಿಂದ ಪಾರಾಗಬಹುದು. ನಾವು ಬಾಡಿಗೆ ಕಾರು ಮಾಡಿದ್ದೆವು. ಯಾವ ಟ್ರಾವೆಲ್ಸು ಅಂತ ಹೇಳೋದಿಲ್ಲ ಬಿಡಿ. ಏಳೂವರೆಗೆ ಬರ್ತೀನಿ ಅಂದಿದ್ದ ಡ್ರೈವರಣ್ಣ ಒಂಬತ್ತಕ್ಕೆ ಬಂದು "ನಾಯಂಡಹಳ್ಳಿಲಿ ಟ್ರಾಫಿಕ್ಕು ಸಾರ್" ಅಂದ. ಅವನು ಮನೆ ಬಿಟ್ಟಿದ್ದೇ ಎಂಟೂವರೆಗೆ ಅಂತ ನಮಗೂ ಗೊತ್ತಿತ್ತು, ನಮಗೆ ಗೊತ್ತಿದೆ ಅಂತ ಅವನಿಗೂ ಗೊತ್ತಿತ್ತು.

ಅಷ್ಟು ತಡವಾದರೂ ಬಿಡದಿವರೆಗೆ ಹೋಗಿ ತಟ್ಟೆ ಇಡ್ಲಿ ತಿಂದೇ ವಾಪಸ್ ಬಂದೆವು. ಕೋಸ್ಟರ್ ಹತ್ತುವ ಮುಂಚೆ ತಿನ್ನಬೇಕಾ ಬೇಡವಾ ಅಂತ ಕಾರಲ್ಲೇ ದೊಡ್ಡ ಚರ್ಚೆ. ನನ್ನ ಲೆಕ್ಕ ಸಿಂಪಲ್ಲು: ಖಾಲಿ ಹೊಟ್ಟೆಯಲ್ಲಿ ಹತ್ತಿದರೆ ತಲೆ ಸುತ್ತು ಜಾಸ್ತಿ, ತುಂಬಿದ ಹೊಟ್ಟೆಯಲ್ಲಿ ಹತ್ತಿದರೆ ಪಕ್ಕದಲ್ಲಿ ಕೂತವನಿಗೆ ಕಷ್ಟ. ಹಾಗಾಗಿ ಸ್ವಲ್ಪ ತಿನ್ನಿ, ಒಂದೂವರೆ ಗಂಟೆ ಬಿಡಿ. ನಮ್ಮ ಮಂಡ್ಯದ ಗೆಳೆಯ ಮಾತ್ರ ಬೆಣ್ಣೆ ಹಾಕಿಸಿಕೊಂಡು ಒಂದರ ಮೇಲೊಂದು ಇಳಿಸಿದ. "ಹೆದರಬೇಡ್ರಲಾ, ನಂದು ಕಬ್ಬಿಣದ ಹೊಟ್ಟೆ" ಅಂದ. ಅವನ ಕಥೆ ಮುಂದೆ ಬರುತ್ತದೆ.

ಟಿಕೆಟ್ ಆನ್‌ಲೈನಲ್ಲಿ ಮೊದಲೇ ತೆಗೆದುಕೊಳ್ಳಿ. ವಾರದ ದಿನಕ್ಕೊಂದು ದರ, ಶನಿವಾರ ಭಾನುವಾರಕ್ಕೆ ಇನ್ನೊಂದು, ಹಬ್ಬ ರಜೆಗೆ ಮತ್ತೊಂದು. ಓದುತ್ತಿರುವವರಿಗೆ ಕಾಲೇಜು ಐಡಿ ಮೇಲೆ ರಿಯಾಯಿತಿ ಇರುತ್ತದೆ, ಕಾರ್ಡು ಜೇಬಲ್ಲಿರಲಿ. ಫಾಸ್ಟ್‌ಟ್ರ್ಯಾಕ್ ಅಂತ ಇನ್ನೊಂದು ಟಿಕೆಟ್ ಇದೆ, ಬಹಳ ದುಬಾರಿ, ಅದಿದ್ದರೆ ಉದ್ದದ ಸಾಲಿನಲ್ಲಿ ನಿಲ್ಲಬೇಕಿಲ್ಲ. ದಸರಾ ರಜೆಯಲ್ಲೋ ಬೇಸಿಗೆ ರಜೆಯ ಭಾನುವಾರವೋ ಹೋಗಲೇಬೇಕು ಅಂತಿದ್ದರೆ ಅದಕ್ಕೆ ದುಡ್ಡು ಹಾಕಿ. ಮಂಗಳವಾರ, ಬುಧವಾರ ಹೋಗುವವರು ತಗೊಂಡರೆ ಸುಮ್ನೆ ದಂಡ.

ಈಗ ಅಸಲಿ ವಿಷಯಕ್ಕೆ ಬರೋಣ.

ರಿಕಾಯಿಲ್ ಮಾದರಿಯ ಕೋಸ್ಟರ್‌ಗೆ ಕೋಸ್ಟರ್ ಹುಚ್ಚರು ಬೂಮರಾಂಗ್ ಅಂತಾರೆ. ನೆದರ್ಲೆಂಡ್ಸ್‌ನ ವೆಕೋಮಾ ಕಂಪನಿ 1980ರ ದಶಕದಲ್ಲಿ ಹುಟ್ಟಿಸಿದ ವಿನ್ಯಾಸ ಇದು, ಪ್ರಪಂಚದ ತುಂಬ ಹತ್ತಾರು ಪಾರ್ಕುಗಳಲ್ಲಿದೆ. ಹೈದರಾಬಾದಿನ ವಂಡರ್‌ಲಾದಲ್ಲೂ ಇದೇ ಹೆಸರಿನದು ಇದೆ. ನಮ್ಮ ಪಾರ್ಕಿನೊಳಗೆ ಬೂಮರಾಂಗ್ ಅಂತ ಬೋರ್ಡ್ ಕಂಡರೆ ಆ ಕಡೆ ಹೋಗಬೇಡಿ, ಅದು ನೀರಿನ ಸ್ಲೈಡು.

ಇದರಲ್ಲಿ ಹಳಿ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಸೇರುವುದಿಲ್ಲ. ಎರಡು ತುದಿಯಲ್ಲಿ ಎರಡು ಎತ್ತರದ ಗೋಪುರ, ಅಲ್ಲಿಗೆ ಹಳಿ ಮುಗಿಯಿತು. ಒಂದು ಟ್ರೈನಿನಲ್ಲಿ 28 ಜನ ಕೂರಬಹುದು. ಭುಜದ ಮೇಲಿಂದ ಕಂಬಿ ಬಂದು ಎದೆಗೆ ಲಾಕ್ ಆಗುತ್ತದೆ. ಸಿಬ್ಬಂದಿ ಒಬ್ಬೊಬ್ಬರ ಕಂಬಿಯನ್ನೂ ಎಳೆದು ನೋಡುತ್ತಾರೆ. ಆಮೇಲೆ ಟ್ರೈನನ್ನು ಹಿಂದಿನಿಂದ ಹಿಡಿದು ಹಿಮ್ಮುಖವಾಗಿ ಮೊದಲ ಗೋಪುರಕ್ಕೆ ಎಳೆಯುತ್ತಾರೆ. ಇಲ್ಲೇ ಅರ್ಧ ಜನರ ಬಾಯಿ ಬಂದ್ ಆಗುವುದು. ಯಾಕೆಂದರೆ ಮುಖ ನೆಲದ ಕಡೆಗಿರುತ್ತದೆ, ಮೈಭಾರ ಎಲ್ಲ ಆ ಕಂಬಿಯ ಮೇಲೆ ಬೀಳುತ್ತದೆ, ನೀವು ಹತ್ತಿದ ಪ್ಲಾಟ್‌ಫಾರ್ಮು ಕೆಳಗೆ ಕೆಳಗೆ ಹೋಗುತ್ತಾ ಚಿಕ್ಕದಾಗುತ್ತದೆ, ಮತ್ತು ಯಾವಾಗ ಬಿಡುತ್ತಾರೆ ಅಂತ ಗೊತ್ತಾಗುವುದಿಲ್ಲ. ಈ ಮಾದರಿಯ ಎತ್ತರ ಸುಮಾರು 35 ಮೀಟರ್, ಹತ್ತು ಮಹಡಿಗಿಂತ ಜಾಸ್ತಿ.

ಬಿಟ್ಟ ತಕ್ಷಣ ಗಂಟೆಗೆ 75 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಅದೇ ಪ್ಲಾಟ್‌ಫಾರ್ಮ್ ಸೀಳಿಕೊಂಡು ಆಚೆ ಹೋಗುತ್ತೀರಿ. ಸಾಲಿನಲ್ಲಿ ನಿಂತವರ ಮುಖ ಒಂದು ಕ್ಷಣ ಗೆರೆಗೆರೆಯಾಗಿ ಕಾಣುತ್ತದೆ. ಮೊದಲು ಬರುವುದು ಕೋಬ್ರಾ ರೋಲ್, ಹೊರಗಿಂದ ನೋಡಿದರೆ ಹಳಿಯ ಆಕಾರ ಹೆಡೆ ಬಿಚ್ಚಿದ ನಾಗರಹಾವಿನದು, ಅದರಲ್ಲೇ ಎರಡು ಸಲ ತಲೆಕೆಳಗು. ಆಮೇಲೆ ಒಂದು ದೊಡ್ಡ ಲೂಪ್. ಲೂಪನ್ನು ಸರಿಯಾಗಿ ನೋಡಿ, ಅದು ಗುಂಡಗಿಲ್ಲ, ಮೇಲೆ ಚೂಪಾಗಿ ಕೆಳಗೆ ಅಗಲವಾಗಿ ಇದೆ. ಪೂರ್ತಿ ಗುಂಡಗೆ ಮಾಡಿದ್ದರೆ ಕೆಳಗಿಂದ ಒಳಗೆ ನುಗ್ಗುವಾಗ ಕತ್ತು ಸೀಟಿನೊಳಗೆ ಇಳಿದುಹೋಗುವಷ್ಟು ಒತ್ತಡ ಬೀಳುತ್ತಿತ್ತು. ಕೆಳಗಿನ ತಿರುವು ದೊಡ್ಡದಿದ್ದರೆ ಆ ಒತ್ತಡ ಕಡಿಮೆ, ಮೇಲಿನದು ಚಿಕ್ಕದಿದ್ದರೆ ವೇಗ ಇಳಿದಿದ್ದರೂ ಮೈ ಸೀಟಿಗೆ ಅಂಟಿಕೊಂಡಿರುತ್ತದೆ. ನಮ್ಮ ಗುಂಪಿನ ಮೆಕ್ಯಾನಿಕಲ್ ಇಂಜಿನಿಯರ್ ಇದನ್ನು ಸಾಲಿನಲ್ಲಿ ನಿಂತು ಅರ್ಧ ಗಂಟೆ ವಿವರಿಸಿದ. ಲೂಪಿನೊಳಗೆ ಹೋದಾಗ ಮಾತ್ರ ಇಂಜಿನಿಯರಿಂಗ್ ಬಿಟ್ಟು "ಅಮ್ಮಾ" ಅಂದ.

ಲೂಪ್ ಮುಗಿದರೆ ಎರಡನೇ ಗೋಪುರ. ಈಗ ಮುಖ ಆಕಾಶಕ್ಕೆ. ಟ್ರೈನಿಗೆ ಇಂಜಿನ್ ಇಲ್ಲ, ಮೇಲಿಂದ ಬಿದ್ದ ಜೋರಿನಲ್ಲೇ ಇಷ್ಟು ದೂರ ಬಂದಿರುತ್ತದೆ. ಗಾಳಿ, ತಿಕ್ಕಾಟದಲ್ಲಿ ಸ್ವಲ್ಪ ಜೋರು ಕಳೆದುಹೋಗಿರುತ್ತದೆ, ತಾನಾಗಿ ಮೇಲಿನವರೆಗೆ ಹತ್ತುವುದಿಲ್ಲ. ಅದಕ್ಕೆ ಇಲ್ಲಿ ಚೈನು ಹಿಡಿದು ಟಕ ಟಕ ಅಂತ ಎಳೆಯುತ್ತದೆ. ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಮೇಲೆ ಬಿಡುತ್ತದೆ, ಬಂದ ದಾರಿಯಲ್ಲೇ, ಹಿಂದು ಹಿಂದಕ್ಕೆ! ಮತ್ತೆ ಲೂಪ್, ಮತ್ತೆ ಕೋಬ್ರಾ. ಒಟ್ಟು ಆರು ಸಲ ತಲೆಕೆಳಗು, ಎಲ್ಲ ಎರಡು ನಿಮಿಷದೊಳಗೆ. ಮುಂದಕ್ಕೆ ಹೋಗುವಾಗ ಹಳಿ ಕಾಣುತ್ತದೆ, ಮೈ ಮೊದಲೇ ಸಿದ್ಧವಾಗುತ್ತದೆ. ಹಿಂದಕ್ಕೆ ಹೋಗುವಾಗ ಆ ಅನುಕೂಲ ಇಲ್ಲ. ಈ ರೈಡಿನ ನಿಜವಾದ ಮಜಾ ಇರುವುದೇ ವಾಪಸ್ ಬರುವ ಆ ಅರ್ಧದಲ್ಲಿ, ನನ್ನ ಪ್ರಕಾರ.

ಸೀಟಿನ ವಿಷಯ ಹೇಳಿದ್ದೆ ಅಲ್ವಾ. ಮೊದಲ ಗೋಪುರದಲ್ಲಿ ಅತಿ ಎತ್ತರಕ್ಕೆ ಹೋಗುವುದು ಕೊನೆಯ ಸಾಲು. ಗೆಳೆಯರ ತಲೆಗಳೆಲ್ಲ ನಿಮ್ಮ ಕಾಲಿನ ಕೆಳಗೆ ಸಾಲಾಗಿ ಕಾಣುತ್ತವೆ, ಬೀಳುವ ಉದ್ದವೂ ನಿಮಗೇ ಜಾಸ್ತಿ. ಎರಡನೇ ಗೋಪುರದಲ್ಲಿ ಇದು ಉಲ್ಟಾ, ಮುಂದಿನ ಸಾಲಿನವರು ತುತ್ತತುದಿಗೆ ಹೋಗಿ ಅಲ್ಲಿಂದ ಬೆನ್ನ ಕಡೆಗೆ ಬೀಳುತ್ತಾರೆ. ಒಂದೇ ಸಲ ಹತ್ತೋಕೆ ಧೈರ್ಯ ಇರುವವರು ಮುಂದಿನ ಸಾಲು ಹಿಡಿಯಿರಿ. ನಡುವಿನ ಸಾಲು ಹೆದರುವವರಿಗೆ ಒಳ್ಳೆಯದು, ಎರಡು ಕಡೆಯೂ ಸ್ವಲ್ಪ ಕಡಿಮೆ.

ಇನ್ನೊಂದು ಮುಖ್ಯ ಮಾತು. ಭುಜದ ಕಂಬಿಗೆ ಕಿವಿ ಬಡಿಯುತ್ತದೆ ಅನ್ನುವುದು ಈ ವಿನ್ಯಾಸದ ಬಗ್ಗೆ ಪ್ರಪಂಚದ ಎಲ್ಲ ಕಡೆ ಇರುವ ಹಳೇ ತಕರಾರು. ತಲೆಯನ್ನು ಹಿಂದಿನ ದಿಂಬಿಗೆ ಗಟ್ಟಿಯಾಗಿ ಒತ್ತಿ ಇಟ್ಟುಕೊಂಡರೆ ಬಹುಪಾಲು ಪರಿಹಾರ. ಕಿವಿಯೋಲೆ, ಜುಮಕಿ ತೆಗೆದಿಡಿ. ಪಕ್ಕದವರು ಕಿರುಚಿದರು ಅಂತ ಅತ್ತ ತಿರುಗಬೇಡಿ. ಮೊಬೈಲು, ಪರ್ಸು, ಟೋಪಿ ಎಲ್ಲ ಲಾಕರ್‌ನಲ್ಲೇ ಬಿಟ್ಟು ಬನ್ನಿ. ಕನ್ನಡಕವೂ ಹಾಗೇ. ನಮ್ಮಲ್ಲೊಬ್ಬನಿಗೆ ಕನ್ನಡಕ ಇಲ್ಲದಿದ್ದರೆ ಎದುರಿಗೆ ನಿಂತಿರೋದು ಎಮ್ಮೆಯೋ ಬಸ್ಸೋ ಗೊತ್ತಾಗುವುದಿಲ್ಲ. ಇಳಿದ ಮೇಲೆ ಅವನೊಬ್ಬನೇ ಆರಾಮಾಗಿದ್ದ. "ಏನೂ ಕಾಣ್ಲಿಲ್ಲ ಮಗಾ, ಅದ್ಕೇ ಏನೂ ಅನ್ನಿಸ್ಲಿಲ್ಲ" ಅಂದ. ದುಡ್ಡು ದಂಡ ಅಂತ ಉಳಿದವರು ಅವನನ್ನು ಆಡಿಕೊಂಡಿದ್ದೇ ಆಡಿಕೊಂಡಿದ್ದು.

ಮಂಡ್ಯದ ಕಬ್ಬಿಣದ ಹೊಟ್ಟೆ? ವಾಂತಿ ಏನೂ ಆಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಇಳಿದವನು ಒಂದು ಬೆಂಚಿನ ಮೇಲೆ ಕೂತು, "ನೀವು ಹೋಗ್ರಪ್ಪ, ನಾನು ಬ್ಯಾಗ್ ನೋಡ್ಕೋತೀನಿ" ಅಂದ. ಬ್ಯಾಗು ಲಾಕರ್‌ನಲ್ಲಿತ್ತು.

ಹೊತ್ತಿನ ಲೆಕ್ಕ ಹೀಗಿದೆ. ಪಾರ್ಕ್ ಬಾಗಿಲು 11 ಗಂಟೆಗೆ ತೆರೆಯುತ್ತದೆ, ನೀರಿನ ಆಟಗಳು ಸ್ವಲ್ಪ ತಡವಾಗಿ ಶುರುವಾಗುತ್ತವೆ. ಹಾಗಾಗಿ ಮೊದಲ ಒಂದು ಗಂಟೆ ಇಡೀ ಜನ ಒಣ ಆಟಗಳ ಮೇಲೆ ಬೀಳುತ್ತಾರೆ. ಬಾಗಿಲು ತೆರೆದ ಕೂಡಲೇ ಫೋಟೋ ತೆಗೆಯುತ್ತಾ ನಿಲ್ಲದೆ ನೇರವಾಗಿ ರಿಕಾಯಿಲ್‌ಗೆ ಹೋಗಿ ಒಂದು ಸುತ್ತು ಮುಗಿಸಿ. ಮಧ್ಯಾಹ್ನ ಜನ ನೀರಿಗಿಳಿದ ಮೇಲೆ ಮತ್ತೆ ಬನ್ನಿ, ಸಾಲು ಕರಗಿರುತ್ತದೆ. ನಾವು ಇಳಿದು, ಓಡಿ ಸುತ್ತಿ ಬಂದು, ಮತ್ತೆ ಹತ್ತಿದ್ದು ಆ ಹೊತ್ತಿನಲ್ಲೇ. ಗುಡುಗು ಮಳೆ ಬಂದರೆ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ, ಅದು ನಮ್ಮ ಒಳ್ಳೆಯದಕ್ಕೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಡೆ ಸಂಜೆ ಮಳೆ ಜಾಸ್ತಿ, ಆ ತಿಂಗಳಲ್ಲಿ ಹೋಗುವವರು ರಿಕಾಯಿಲನ್ನು ಸಂಜೆಗೆ ಉಳಿಸಿಕೊಳ್ಳಬೇಡಿ.

ಬೇರೆ ರೈಡುಗಳು? ಹರಿಕೇನ್, ಇನ್‌ಸ್ಯಾನಿಟಿ, ಈಕ್ವಿನಾಕ್ಸ್ ಎಲ್ಲ ತಿರುಗಿಸುವ ಜಾತಿ. ಕೆಲವರಿಗೆ ಅದೇ ಇಷ್ಟ. ನನಗೆ ಬೀಳುವುದು ಇಷ್ಟ, ತಿರುಗುವುದು ಆಗಿಬರಲ್ಲ, ಹಾಗಾಗಿ ಇವುಗಳಿಗೆ ನನ್ನ ಮಾರ್ಕು ನಂಬಬೇಡಿ. ಗೋಪುರದ ಮೇಲಿರುವ ಸ್ಕೈ ವೀಲ್ ಮಾತ್ರ ಬಿಡಬೇಡಿ. ಭಯ ಏನಿಲ್ಲ, ನಿಧಾನಕ್ಕೆ ಸುತ್ತುತ್ತದೆ, ಸುತ್ತಲಿನ ಬಯಲು, ದೂರದ ಬೆಟ್ಟ ಎಲ್ಲ ಕಾಣುತ್ತದೆ. ಸುಸ್ತಾದ ಮಂಡ್ಯದವನೂ ಇದಕ್ಕೆ ಬಂದ.

ನೀರಿನ ಆಟಕ್ಕೆ ನೈಲಾನ್ ಬಟ್ಟೆ ಕಡ್ಡಾಯ. ಕಾಟನ್ ಟೀಶರ್ಟು, ಜೀನ್ಸ್ ಹಾಕಿಕೊಂಡರೆ ಒಳಗೆ ಬಿಡುವುದಿಲ್ಲ. ಮನೆಯಿಂದಲೇ ತನ್ನಿ, ಟವೆಲ್ಲೂ ಸಹ. ಇಲ್ಲಿನ ಕೊಳಗಳಿಗೆ ಸೋಲಾರ್‌ನಲ್ಲಿ ಬಿಸಿ ಮಾಡಿದ ನೀರು ಬಿಡುತ್ತಾರೆ, ಡಿಸೆಂಬರ್ ಚಳಿಯಲ್ಲೂ ನಡುಗಬೇಕಿಲ್ಲ. ಹೊರಗಿನ ತಿಂಡಿಗೆ ಅವಕಾಶವಿಲ್ಲ, ಒಳಗೇ ಊಟದ ವ್ಯವಸ್ಥೆ ಇದೆ. ಒಂದು ಸಲಹೆ ಇಷ್ಟೇ, ನೀರಿಗಿಳಿದ ಮೇಲೆ ಮತ್ತೆ ಬಟ್ಟೆ ಬದಲಿಸಿ ಕೋಸ್ಟರ್ ಕಡೆ ಬರುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಆದ್ದರಿಂದ ನೀರು ಕೊನೆಗೆ.

ಯಾರು ಹತ್ತಬಾರದು ಅನ್ನುವುದನ್ನೂ ಹೇಳಬೇಕು. ಬೆನ್ನು, ಕತ್ತು, ಹೃದಯ, ಬಿಪಿ ತೊಂದರೆ ಇರುವವರು, ಗರ್ಭಿಣಿಯರು ರಿಕಾಯಿಲ್ ಹತ್ತಿರವೂ ಹೋಗಬೇಡಿ. ಗೆಳೆಯರು "ಏನಾಗಲ್ಲ ಬಾರೋ" ಅಂತ ಎಳೆಯುತ್ತಾರೆ, ಕೇಳಬೇಡಿ. ಮಕ್ಕಳಿಗೆ ಎತ್ತರದ ಮಿತಿ ಇದೆ, ಸಾಲಿನ ಬಾಯಲ್ಲೇ ಅಳೆಯುತ್ತಾರೆ, ಅಲ್ಲಿ ಹೋಗಿ ಜಗಳ ಮಾಡುವ ಅಪ್ಪಂದಿರೇ, ದಯವಿಟ್ಟು ಬೇಡ. ಕಂಬಿ ಮಗುವಿನ ಅಳತೆಗೆ ಮಾಡಿದ್ದಲ್ಲ.

ಕೋಸ್ಟರೇ ಮುಖ್ಯ ಅನ್ನುವವರಿಗೆ ಒಂದು ಹೋಲಿಕೆ. ಇದೇ ದೇಶದ ದೊಡ್ಡದು ಅಂತೇನಲ್ಲ. ಮುಂಬೈ–ಪುಣೆ ನಡುವೆ ಖೋಪೋಲಿಯ ಇಮ್ಯಾಜಿಕಾದಲ್ಲಿ ನೈಟ್ರೋ ಇದೆ, 2013ರದು, ಕಾಲ ಕೆಳಗೆ ನೆಲವೇ ಇರುವುದಿಲ್ಲ, ಐದು ಸಲ ತಲೆಕೆಳಗು ಮಾಡುತ್ತದೆ, ವೇಗವೂ ಇದಕ್ಕಿಂತ ಜಾಸ್ತಿ. 2025ರ ಡಿಸೆಂಬರ್‌ನಲ್ಲಿ ಶುರುವಾದ ಚೆನ್ನೈ ವಂಡರ್‌ಲಾದಲ್ಲಿ ತಂಜೋರಾ ಅಂತ ಬಂದಿದೆ, ಅದರಲ್ಲಿ ಹಳಿ ತಲೆಯ ಮೇಲೆ, ನಾವು ಕೆಳಗೆ ನೇತಾಡಿಕೊಂಡು ಹೋಗಬೇಕು. ಆದರೆ ಬೆಂಗಳೂರಿಂದ ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರದಲ್ಲಿ ಇಷ್ಟು ಗಟ್ಟಿ ಕೋಸ್ಟರ್ ಬೇರೆ ಇಲ್ಲ. 5ಕ್ಕೆ 4 ಕೊಡುತ್ತೇನೆ. ಉಳಿದ ಒಂದು ಮಾರ್ಕು ಎರಡನೇ ದೊಡ್ಡ ಕೋಸ್ಟರ್ ಹಾಕಿದ ದಿನ.

ಚೆನ್ನೈಗೆ ರೈಲಲ್ಲಿ ಹೋಗುವುದೋ ಕಾರಲ್ಲೋ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈಗಾಗಲೇ ಜಗಳ ನಡೆದಿದೆ. ಮಂಡ್ಯದವನು ರೈಲು ಅಂತಾನೆ, ಅದರಲ್ಲಿ ಊಟ ಕೊಡ್ತಾರಂತೆ.