ಲಾರಿ ಟರ್ಬೋ: ನಾವೇ ಬಿಚ್ಚೋಣವೇ, ಅಂಗಡಿಗೆ ಕೊಡೋಣವೇ, ಹೊಸದೇ ಹಾಕೋಣವೇ?

ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ಹೊಡೆಯುವ ತಮ್ಮ ಕೇಳಿದ್ದಾನೆ: ಟರ್ಬೋ ಆಯಿಲ್ ಕುಡಿಯುತ್ತಿದೆ, ರಿಪೇರಿ ಕಿಟ್ (ಬೇರಿಂಗ್, ಸೀಲ್ ಸೆಟ್) ತಂದು ನಾನೇ ಹಾಕಲೇ ಅಣ್ಣಾ? ಟರ್ಬೋ ಅಂದರೆ ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಬ್ಲೇಡ್ ಚಕ್ರಗಳ ಭಾಗ.

ಖರ್ಚು ನೋಡಿದರೆ ಕಿಟ್ಟೇ ಅಗ್ಗ, ಹೊಸದು ದುಬಾರಿ. ಆದರೆ ಟರ್ಬೋ ಶಾಫ್ಟ್ ನಿಮಿಷಕ್ಕೆ 1 ಲಕ್ಷದ ಹತ್ತಿರ ಸುತ್ತು ತಿರುಗುತ್ತದೆ, ಅದೂ ತೆಳು ಆಯಿಲ್ ಪದರದ ಮೇಲೆ. ಬಿಚ್ಚಿ ಜೋಡಿಸಿದ ಮೇಲೆ, ತಿರುಗುವಾಗ ತೂಕ ಸಮ ಇದೆಯಾ ಎಂದು ನೋಡುವ ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಲೇಬೇಕು. ಸುಮ್ನೆ ಕೈಯಲ್ಲಿ ತಿರುಗಿಸಿ ನೋಡಿದರೆ ಸಾಲದು. ತೂಕ ಚೂರು ತಪ್ಪಿದರೂ ಬೇರಿಂಗ್ ಹೋಗುತ್ತದೆ, ಬ್ಲೇಡ್ ತುಂಡು ಇಂಜಿನ್ ಒಳಗೆ ಸೇರಬಹುದು. ನನಗೆ ಜಾಸ್ತಿ ಭಯ ಇನ್ನೊಂದು. ಸೀಲ್ ಹೋಗಿ ಆಯಿಲ್ ಸಿಲಿಂಡರ್‌ಗೆ ನುಗ್ಗಿದರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಹತ್ತಿರ ನಿಂತವರ ಜೀವಕ್ಕೇ ಅಪಾಯ ಅಲ್ವಾ?

ಬೇರಿಂಗ್, ಸೀಲ್ ಮಾತ್ರ ಸವೆದಿದ್ದರೆ ಹುಬ್ಬಳ್ಳಿ ಕಡೆ ಬ್ಯಾಲೆನ್ಸಿಂಗ್ ಮಷಿನ್ ಇರುವ ಅಂಗಡಿ ಹುಡುಕಿ ಕೊಡು. ಬ್ಲೇಡ್ ಮುರಿದಿದ್ದರೆ, ಹೌಸಿಂಗ್ (ಹೊರಗಿನ ಕವಚ) ಸೀಳಿದ್ದರೆ ಹೊಸದೇ. ಸುಗ್ಗಿಯಲ್ಲಿ ಗಾಡಿ ನಿಲ್ಲಿಸಲು ಆಗದವರಿಗೂ ಹೊಸದೇ ಅನುಕೂಲ.

ನೀನೇ ಮಾಡಬಹುದಾದ ಕೆಲಸವೂ ಇದೆ. ಮೊದಲು ಏರ್ ಫಿಲ್ಟರ್, ಆಯಿಲ್ ವಾಪಸ್ ಬರುವ ಪೈಪ್ ಕಟ್ಟಿಕೊಂಡಿದೆಯಾ ನೋಡು. ಎಷ್ಟೋ ಸಲ ಟರ್ಬೋ ಚೆನ್ನಾಗಿದ್ದೂ ಇದರಿಂದಲೇ ಆಯಿಲ್ ಸೋರುತ್ತದೆ.