ಜೀವಕೋಶಗಳನ್ನು ಹಿಗ್ಗಿಸುವ ಯಂತ್ರ: ಒಂದು ವರ್ಷ ಬಳಸಿದ ಮೇಲೆ

ಸಸ್ತನಿಗಳ ಜೀವಕೋಶಗಳನ್ನು ಬೆಳೆಸುವ ನಾವು 37 ಡಿಗ್ರಿ ಉಷ್ಣತೆ, ಶೇ. 5ರ ಇಂಗಾಲದ ಡೈಆಕ್ಸೈಡ್ ಮತ್ತು ಮೀಡಿಯಂ (ಕೋಶಗಳಿಗೆ ಉಣಿಸುವ ಪೋಷಕ ದ್ರವ) ವಿಷಯದಲ್ಲಿ ತೋರುವ ಕಾಳಜಿಯನ್ನು ಕೋಶ ಕೂರುವ ನೆಲದ ವಿಷಯದಲ್ಲಿ ತೋರುವುದಿಲ್ಲ. ದೇಹದೊಳಗೆ ಮಿಡಿಯುವ, ಮೆತ್ತನೆಯ ಅಂಗಾಂಶದಲ್ಲಿದ್ದ ಕೋಶವು ಪಾಲಿಸ್ಟೈರೀನ್ ಪ್ಲೇಟಿನಲ್ಲಿ ಚಪ್ಪಡಿಕಲ್ಲಿನಂಥ ತಳದ ಮೇಲೆ ಅಲುಗಾಟವಿಲ್ಲದೆ ಬೆಳೆಯಬೇಕಾಗುತ್ತದೆ. ಈ ಕೊರತೆಯನ್ನು ತುಂಬಲೆಂದು ಕಳೆದ ವರ್ಷ ನಮ್ಮ ಪ್ರಯೋಗಾಲಯಕ್ಕೆ ನಿರ್ವಾತ ಪಂಪಿನಿಂದ ನಡೆಯುವ ಯಂತ್ರವೊಂದನ್ನು ತರಿಸಿದೆವು. ತಯಾರಕರ ಹೆಸರು ಇಲ್ಲಿ ಬೇಡ.

ಇದರ ಆರು ವೆಲ್‌ಗಳ (ಗುಳಿಗಳ) ಪ್ಲೇಟಿಗೆ ಪ್ಲಾಸ್ಟಿಕ್ ತಳದ ಬದಲು ತೆಳುವಾದ ಸಿಲಿಕೋನ್ ಪೊರೆಯಿದೆ. ಪಂಪು ಕೆಳಗಿನಿಂದ ಗಾಳಿಯನ್ನು ಎಳೆದಾಗ ಪೊರೆಯು ನಡುವಿನ ಗುಂಡುಕಂಬದ ಅಂಚಿನಿಂದಾಚೆಗೆ ಜಗ್ಗಿ, ಅದಕ್ಕೆ ಅಂಟಿದ ಕೋಶಗಳೂ ಹಿಗ್ಗುತ್ತವೆ. ನಾವು ಸಾಮಾನ್ಯವಾಗಿ ಶೇ. 10ರ ಹಿಗ್ಗನ್ನು ನಿಮಿಷಕ್ಕೆ 60 ಸಲದಂತೆ, ಅಂದರೆ ಹೆಚ್ಚುಕಡಿಮೆ ಹೃದಯ ಬಡಿತದ ಲಯದಲ್ಲಿ ಕೊಡುತ್ತೇವೆ. ಆ ಲಯವನ್ನು ಯಂತ್ರವು ಎರಡು ದಿನ ಬಿಡದೆ ಓಡಿಸಿದರೂ ತಪ್ಪಿಸಲಿಲ್ಲ. ಇದರಲ್ಲಿ ನನಗೆ ದೂರಿಲ್ಲ.

ದೂರಿರುವುದು ಹಿಗ್ಗಿನ ಪ್ರಮಾಣದ ಬಗ್ಗೆ. ಮಾರ್ಕರ್ ಪೆನ್ನಿನಿಂದ ಪೊರೆಯ ಮೇಲೆ ಚುಕ್ಕೆಗಳನ್ನಿಟ್ಟು ಅವುಗಳ ಅಂತರವನ್ನು ಕ್ಯಾಮೆರಾದಲ್ಲಿ ಅಳೆದಾಗ, ಪರದೆ 10 ಎನ್ನುತ್ತಿದ್ದರೂ ಚುಕ್ಕೆಗಳು 8ರ ಗಡಿ ಮುಟ್ಟಲಿಲ್ಲ. ಕಂಬದ ತಲೆಗೆ ಗ್ರೀಸ್ ಸರಿಯಾಗಿ ಸವರಿದ ಮೇಲೆ ವ್ಯತ್ಯಾಸ ಬಹುಮಟ್ಟಿಗೆ ಕಡಿಮೆಯಾಯಿತು, ಆದರೆ ಕೈಪಿಡಿಯಲ್ಲಿ ಈ ಮಾತು ಒಂದೇ ಸಾಲಿನಲ್ಲಿ ಮುಗಿದಿದೆ. ಇನ್‌ಕ್ಯುಬೇಟರಿನ ತೇವ ಕೊಳವೆಯೊಳಗೆ ನೀರಾಗಿ ಪಂಪಿನತ್ತ ಇಳಿಯುವುದರಿಂದ ನೀರು ಹಿಡಿಯುವ ಬಾಟಲಿಯನ್ನು ನಾವೇ ಜೋಡಿಸಿಕೊಂಡೆವು.

ಕೊಳ್ಳುವ ಮುನ್ನ ಲೇಪದ ವಿಚಾರವನ್ನು ಯೋಚಿಸಬೇಕು. ಬರಿಯ ಸಿಲಿಕೋನ್ ನೀರನ್ನು ಒಲ್ಲದ ವಸ್ತುವಾದ್ದರಿಂದ ಕೋಶಗಳು ನಿಲ್ಲಲು ಪ್ರೋಟೀನಿನ ಲೇಪ ಬೇಕೇಬೇಕು, ಮತ್ತು ಯಾವ ಲೇಪ ಎಂಬುದು ಬೆಳವಣಿಗೆಯ ಫಲಿತಾಂಶವನ್ನೇ ಬದಲಿಸುತ್ತದೆ: ಇಲಿಯ ರಕ್ತನಾಳದ ನಯಸ್ನಾಯು ಕೋಶಗಳು ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಮೇಲೆ ಹಿಗ್ಗಿಗೆ ಸ್ಪಂದಿಸಿ ಡಿಎನ್‌ಎ ತಯಾರಿಕೆಯನ್ನು ಹೆಚ್ಚಿಸಿದರೆ ಲ್ಯಾಮಿನಿನ್ ಎಂಬ ಇನ್ನೊಂದು ಪ್ರೋಟೀನಿನ ಮೇಲೆ ಸುಮ್ಮನಿರುತ್ತವೆಂದು 1995ರಲ್ಲೇ ತಿಳಿದಿತ್ತು. ನಾಯಿಯ ಮೂತ್ರಪಿಂಡದ ಎಂಡಿಸಿಕೆ ಕೋಶಗಳು ಇನ್ನೂ ಚುರುಕು. ವಿಭಜನೆಯ ಹೊಸ್ತಿಲಲ್ಲಿ ತಡೆದು ನಿಂತಿರುವ ಇಂಥ ಹೊದಿಕೆ ಕೋಶಗಳನ್ನು ಹಿಗ್ಗಿಸಿದಾಗ ಕೋಶದ ಹೊರಪೊರೆಯಲ್ಲಿರುವ ಪೀಜೋ1 ಎಂಬ ಪ್ರೋಟೀನ್ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗಂಟೆಯೊಳಗೆ ವಿಭಜನೆ ಏರುತ್ತದೆ. 2010ರಲ್ಲಿ ಆ ಬಾಗಿಲನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರು 2021ರ ವೈದ್ಯಕೀಯ ನೊಬೆಲ್ ಪುರಸ್ಕಾರದ ಸಹಭಾಗಿಯಾದರು.

ಮಾರಾಟಕ್ಕೆ ಬಂದವರು ಹಿಗ್ಗಿಸಿದ ಕೋಶಗಳ ಎಣಿಕೆಯನ್ನು ಮಾಮೂಲಿ ಪ್ಲಾಸ್ಟಿಕ್ ಪ್ಲೇಟಿನ ಎಣಿಕೆಯೊಂದಿಗೆ ಹೋಲಿಸಿ ತೋರಿಸಿದ್ದು ಸರಿಯಲ್ಲ, ಏಕೆಂದರೆ ಅಲ್ಲಿ ಹಿಗ್ಗಿನ ಪರಿಣಾಮದೊಂದಿಗೆ ತಳದ ಗಡಸುತನದ ಪರಿಣಾಮವೂ ಬೆರೆತಿರುತ್ತದೆ. ಅದೇ ಪೊರೆ, ಅದೇ ಲೇಪ, ಅದೇ ಇನ್‌ಕ್ಯುಬೇಟರ್ ಇದ್ದು ಪಂಪಿಗೆ ಮಾತ್ರ ಜೋಡಿಸದ ಪ್ಲೇಟೇ ಸರಿಯಾದ ಹೋಲಿಕೆ. ಅಂಥ ಪ್ಲೇಟುಗಳನ್ನು ಯಂತ್ರದೊಂದಿಗೆ ಕೊಡುವುದಿಲ್ಲ. ಬೆಲೆಪಟ್ಟಿ ಕೇಳುವಾಗಲೇ ಅವನ್ನೂ ಸೇರಿಸಿ ಕೇಳಿ.